ತೂತಿನ ತೊಟ್ಟಿಯ ಲೆಕ್ಕ

ಲೆಕ್ಕದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಹುಲಿ. ಇಪ್ಪತ್ತಾರು ವರ್ಷದಲ್ಲಿ ಆ ಹುಲಿ ಕರಿಹಲಗೆಯ ಮೇಲೆ ಒಮ್ಮೆಯೂ ತಪ್ಪಿರಲಿಲ್ಲ. ಗುಟ್ಟು ಇಷ್ಟೇ: ಮನೆಯಲ್ಲಿ ಮೊದಲೇ ಮಾಡಿ ನೋಡದ ಲೆಕ್ಕವನ್ನು ಅವರು ತರಗತಿಯಲ್ಲಿ ಮುಟ್ಟುತ್ತಲೇ ಇರಲಿಲ್ಲ. ತಪ್ಪು ಮಾಡಿದ ಮಕ್ಕಳ ಚರ್ಮವನ್ನು ಮಾತ್ರ ಮಾತಿನಲ್ಲೇ ಸುಲಿಯುತ್ತಿದ್ದರು.

ಹೊಸದಾಗಿ ಬಂದ ಹೆಡ್ ಮೇಡಂ ಒಂದು ಪದ್ಧತಿ ತಂದರು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು ಚೀಟಿಯಲ್ಲಿ ಪ್ರಶ್ನೆ ಬರೆದು ಡಬ್ಬಿಗೆ ಹಾಕಬೇಕು. ಮೇಷ್ಟ್ರು ಒಂದನ್ನು ಎತ್ತಿ ಎಲ್ಲರೆದುರು ಬಿಡಿಸಬೇಕು.

"ಬರದಿದ್ರೆ ಬರಲ್ಲ ಅನ್ನಿ ಸರ್. ದೊಡ್ಡವರೂ ಇನ್ನೂ ಕಲೀತಿದ್ದಾರೆ ಅಂತ ಮಕ್ಕಳಿಗೆ ಗೊತ್ತಾಗ್ಲಿ," ಎಂದರು ಮೇಡಂ. ಹೇಳುವುದಕ್ಕೇನು, ಮರ್ಯಾದೆ ಹೋಗುವುದು ಅವರದಲ್ಲವಲ್ಲ.

ಗುರುವಾರವೇ ಮೇಷ್ಟ್ರು ಊಟ ಬಿಟ್ಟು ಪುಸ್ತಕದ ಲೆಕ್ಕಗಳನ್ನೆಲ್ಲ ಮತ್ತೆ ಮಾಡುತ್ತ ಕೂತರು. "ಎಂಟನೇ ಕ್ಲಾಸಿನ ಲೆಕ್ಕಕ್ಕೆ ಇಷ್ಟು ಬೆವರ್ತೀರಲ್ಲ," ಎಂದು ಹೆಂಡತಿ ನಕ್ಕರು. ಮೇಷ್ಟ್ರು ನಗಲಿಲ್ಲ. ಒಂದು ಸಲ ತಡವರಿಸಿದರೆ ಮುಗಿಯಿತು, ಆಮೇಲೆ ಯಾರೂ ಕ್ಯಾರೇ ಅನ್ನುವುದಿಲ್ಲ ಎಂಬ ಭಯ ಅವರಿಗೆ.

ಶುಕ್ರವಾರ ಚೀಟಿ ಬಿಚ್ಚಿದರು. ಒಂದು ನಲ್ಲಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು ಮೂರು ಗಂಟೆಯಲ್ಲಿ. ತಳದ ತೂತು ತುಂಬಿದ ತೊಟ್ಟಿಯನ್ನು ನಾಲ್ಕು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಮೂರೂ ತೆರೆದಿದ್ದರೆ ತುಂಬಲು ಎಷ್ಟು ಹೊತ್ತು? ಸುಲಭದ ಲೆಕ್ಕವೇ. ಆದರೆ ನಲವತ್ತು ಜೊತೆ ಕಣ್ಣು ಬೆನ್ನಿಗೆ ನೆಟ್ಟಿದ್ದವು. ಗಡಿಬಿಡಿಯಲ್ಲಿ ಮೂರನ್ನೂ ಕೂಡಿಬಿಟ್ಟರು. ಒಂದು ಗಂಟೆ ಇಪ್ಪತ್ತು ನಿಮಿಷ ಬಂತು. ತೂತೇ ಇಲ್ಲದಿದ್ದರೂ ಎರಡು ಗಂಟೆ ಬೇಕಿತ್ತು. ಎಲ್ಲೋ ಎಡವಿದ್ದೇನೆ ಎಂದು ತಿಳಿಯಿತು, ಎಲ್ಲಿ ಎಂದು ತಿಳಿಯಲಿಲ್ಲ.

"ಯಾರಿಗಾದ್ರೂ ಗೊತ್ತಾ?" ಎಂದರು, ತಿರುಗದೆ.

ತಿರುಗಿದಾಗ ಮುಂದಿನ ಬೆಂಚಿನ ಹುಡುಗಿ ಸರಕ್ಕನೆ ನೋಟ್‌ಬುಕ್ಕಿನ ಮೇಲೆ ಕೈ ಮುಚ್ಚಿದಳು. ಬೆರಳ ಸಂದಿಯಲ್ಲಿ ಕಾಣುತ್ತಿತ್ತು: ತೂತಿನ ಪಾಲನ್ನು ಕಳೆದಿದ್ದಳು. ನಾಲ್ಕು ಗಂಟೆ. ಸರಿಯುತ್ತರ.

"ಗೊತ್ತಿದ್ದೂ ಯಾಕಮ್ಮ ಹೇಳ್ಲಿಲ್ಲ?"

ಹುಡುಗಿ ಎದ್ದು ನಿಂತಳು. "ತಪ್ಪಾದ್ರೆ ಅಂತ ಭಯ ಆಯ್ತು ಸರ್."

"ನಂಗೂ ನಿನ್ನೆಯಿಂದ ಅದೇ ಭಯ," ಎಂದರು ಮೇಷ್ಟ್ರು. ತಾನು ಒಂದು ದಿನ ತಾಳಲಾರದ್ದನ್ನು ಈ ಮಕ್ಕಳಿಗೆ ವರ್ಷಗಟ್ಟಲೆ ಉಣಿಸಿದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ತಪ್ಪು ಸಾಲನ್ನು ಅಳಿಸದೆ, ಸೀಮೆಸುಣ್ಣವನ್ನು ಅವಳತ್ತ ಚಾಚಿದರು. "ಬಾರಮ್ಮ, ನೀನು ಬರಿ."

ಹುಡುಗಿ ಅವರ ಮುಖ ನೋಡಿದಳು, ಸೀಮೆಸುಣ್ಣ ನೋಡಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.