ಲೆಕ್ಕಕ್ಕೆ ಬಾರದ ತಲೆಗಳು

ಬಸ್ ನಿಲ್ದಾಣದಲ್ಲಿ ಅವನನ್ನು ಸೆಕೆಂಡ್‌ಮುಳ್ಳು ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಎದುರಿಗೆ ‘ಕಂಟ್ರೋಲರ್ ಸಾಹೇಬ್ರು’. ಮೂವತ್ತೊಂದು ವರ್ಷ ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು ಜಿಲ್ಲೆಯ ಬಸ್ಸುಗಳನ್ನು ಹೊರಡಿಸಿದವನು. ಬಸ್ಸು ಬಿಡಲು ಒಂದು ನಿಮಿಷ ಬಾಕಿಯಿದೆ ಎನ್ನುವಾಗ ನಾಲಿಗೆಯಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದ. ಹಾಗೆ ಮಾಡುವುದೇ ಇಲ್ಲವೆಂದು ಹೆಂಡತಿಯ ಹತ್ತಿರ ವಾದಿಸುತ್ತಿದ್ದ. ತನ್ನ ಮದುವೆಗೆ ಐದು ನಿಮಿಷ ಮುಂಚೆ ಹೋಗಿ, ಹೆಣ್ಣಿನವರು ತಡ ಮಾಡಿದರೆಂದು ಗೊಣಗಿದನಂತೆ ಎಂದು ಡ್ರೈವರುಗಳು ಕಥೆ ಕಟ್ಟಿದ್ದರು. ಕಥೆಯಲ್ಲಿ ಸುಳ್ಳು ಇಷ್ಟೇ: ಐದು ನಿಮಿಷವಲ್ಲ, ಹತ್ತು.

ಅವನಿಗಿದ್ದ ದೊಡ್ಡ ಹೆಮ್ಮೆ ಷರಾ ಕಾಲಮ್ಮಿನದು. ನಿಲ್ದಾಣದ ಪುಸ್ತಕದಲ್ಲಿ ಪ್ರತಿ ಪುಟದ ಅಂಚಿಗೆ ಷರಾ ಎಂದೊಂದು ಕಾಲಂ ಇರುತ್ತದೆ. ಹೇಳುವುದೇನಾದರೂ ಇದ್ದರೆ ಅಲ್ಲಿ ಬರೆಯಬೇಕು. ಉಳಿದ ಕಂಟ್ರೋಲರುಗಳು ಅದರಲ್ಲಿ ಕಾದಂಬರಿಯನ್ನೇ ಬರೆಯುತ್ತಿದ್ದರು. ಟೈರು ಹೋಯಿತು, ಮಂಜು ಕವಿಯಿತು, ಡ್ರೈವರನ ಮಾವ ತೀರಿಕೊಂಡರು. ಒಬ್ಬನೇ ಮಾವ ಒಂದು ವರ್ಷದಲ್ಲಿ ಮೂರು ಸಲ ತೀರಿಕೊಂಡದ್ದೂ ಉಂಟು. ಸೆಕೆಂಡ್‌ಮುಳ್ಳಿನ ಪುಟಗಳಲ್ಲಿ ಮಾತ್ರ ಆ ಕಾಲಮ್ಮಿನುದ್ದಕ್ಕೂ ಅಡ್ಡಗೆರೆ.

“ಷರಾ ಬರೆಯೋರು ಕೆಲಸ ಕೆಡಿಸಿಕೊಂಡೋರು,” ಎನ್ನುತ್ತಿದ್ದ. “ನನ್ನ ಕೆಲಸ ಕೆಟ್ಟಿಲ್ಲ. ನಾನ್ಯಾಕೆ ಬರೀಲಿ?”

ಅವನಿಗೊಬ್ಬ ಅಕ್ಕ. ಹನ್ನೊಂದು ವರ್ಷ ದೊಡ್ಡವಳು, ತಾಯಿ ಹೋದ ಮೇಲೆ ಅವನನ್ನು ಸಾಕಿದವಳು. ಅವಳ ಗಂಡನದು ಇಳಿಜಾರು ಬೀದಿಯಲ್ಲಿ ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಭಾವ ತೀರಿಕೊಂಡಾಗ, ಅಂಗಡಿ ಇನ್ನು ಮುಚ್ಚಿದ ಹಾಗೇ ಎಂದು ಬೀದಿಯವರು ಅಂದುಕೊಂಡರು. ಅವಳು ಹದಿಮೂರನೆಯ ದಿನಕ್ಕೆ ಬಾಗಿಲು ತೆಗೆದು, ಗಂಡನ ಏಪ್ರನ್ ಎರಡು ಸುತ್ತು ಸುತ್ತಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಕೂತಳು. ಇಷ್ಟು ವರ್ಷ ರಿಪೇರಿ ಮಾಡುತ್ತಿದ್ದದ್ದು ಯಾರು ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಆ ಬೀದಿಯಲ್ಲಿ ಒಂಬತ್ತು ಅಂಗಡಿ. ಕತ್ತರಿಗೆ ಸಾಣೆ ಹಿಡಿಯುವವರು, ಕನ್ನಡಕದ ಗಾಜು ಉಜ್ಜುವವರು, ಗಡಿಯಾರದವರು, ಗುಂಡಿ-ದಾರದ ಅಂಗಡಿ, ಹೀಗೆ. ಹೊಸಬರು ಬಂದು ನೋಡಿದರೆ, ಗಿರಾಕಿಯೇ ಇಲ್ಲದ ಬೀದಿಯಲ್ಲಿ ಇವರೆಲ್ಲ ಏನು ತಿಂದು ಬದುಕುತ್ತಾರೋ ಎಂದು ಕನಿಕರಪಡಬೇಕು. ಗಿರಾಕಿಗಳು ಇದ್ದದ್ದು ನಲವತ್ತು ಮೈಲಿ ಆಚೆಯವರೆಗೆ, ಏಳನೇ ನಂಬರ್ ಬಸ್ಸಿನ ದಾರಿಯುದ್ದಕ್ಕೂ. ಬೆಳಿಗ್ಗೆ ಎಂಟು ನಲವತ್ತಕ್ಕೆ ಆ ಬಸ್ಸು ಬೀದಿಯ ಬಾಯಲ್ಲಿ ನಿಲ್ಲುತ್ತಿತ್ತು. ಇಳಿಯುವವರು ಇಬ್ಬರೋ ಮೂವರೋ. ಆಮೇಲೆ ಕಂಡಕ್ಟರ್ ಬಾಗಿಲಲ್ಲಿ ನಿಂತು ಒಂದೊಂದೇ ಕೆಳಗೆ ಕೊಡುತ್ತಿದ್ದ: ಬಟ್ಟೆಯಲ್ಲಿ ಸುತ್ತಿದ ಕತ್ತರಿಗಳು, ಬೆಂಕಿಪೊಟ್ಟಣದಲ್ಲಿಟ್ಟ ಕನ್ನಡಕ, ಗೋಣಿಯಲ್ಲಿ ಕಟ್ಟಿದ ಮಿಷನ್ನಿನ ತಲೆ. ಕಾಲು, ಮೇಜು ಬಿಟ್ಟು ಮೇಲಿನ ಕಬ್ಬಿಣದ ಭಾಗವನ್ನು ದರ್ಜಿಗಳು ತಲೆ ಎನ್ನುತ್ತಾರೆ. ಒಂದೊಂದು ತಲೆಗೂ ಒಂದು ಚೀಟಿ: ‘ದಾರ ಕಡಿಯುತ್ತೆ’, ‘ಹೊಲಿಗೆ ಬಿಡುತ್ತೆ’, ‘ಏನಾಗಿದೆಯೋ ಕಾಣೆ, ಅಳುತ್ತೆ’. ಸಂಜೆ ಐದೂಕಾಲಿಗೆ ಅದೇ ಬಸ್ಸು ವಾಪಸು ಹೋಗುವಾಗ, ಅಳು ನಿಲ್ಲಿಸಿದ ತಲೆ ಮನೆಗೆ ಹೋಗುತ್ತಿತ್ತು. ಊರಿನ ದರ್ಜಿ ಅಂಗಡಿ ಬಿಟ್ಟು ಕದಲಬೇಕಿರಲಿಲ್ಲ, ಅಕ್ಕನೂ ಕದಲಬೇಕಿರಲಿಲ್ಲ. ವ್ಯಾಪಾರಕ್ಕೆ ಸಾಮಾನು ಓಡಾಡಿದರೆ ಸಾಕು. ಮನುಷ್ಯರು ಓಡಾಡುವುದು ಮಾತಿಗೆ.

ಇದಕ್ಕೆ ಟಿಕೆಟ್ಟಿಲ್ಲ, ರಸೀದಿಯಿಲ್ಲ. ಕಚೇರಿಯಲ್ಲಿ ಇದಕ್ಕೊಂದು ಹೆಸರೂ ಇರಲಿಲ್ಲ. ಬೀದಿಯಲ್ಲಿ ‘ಕೈಲಿ ಕೊಟ್ಟು ಕಳಿಸೋದು’ ಎನ್ನುತ್ತಿದ್ದರು. ಕಂಡಕ್ಟರನ ಮನೆಯ ಕತ್ತರಿಗೆ ಸಾಣೆ ಪುಕ್ಕಟೆ, ಡ್ರೈವರನ ಕನ್ನಡಕಕ್ಕೆ ಸ್ಕ್ರೂ ಪುಕ್ಕಟೆ. ಎರಡು ನಿಮಿಷ ನಿಲ್ಲಬೇಕಾದ ಬಸ್ಸು ನಾಲ್ಕು ನಿಮಿಷ ನಿಲ್ಲುತ್ತಿತ್ತು. ಆ ಎರಡು ನಿಮಿಷ ಎಲ್ಲಿ ಹೋಗುತ್ತದೆಂದು ಸೆಕೆಂಡ್‌ಮುಳ್ಳಿಗೆ ಚೆನ್ನಾಗಿ ಗೊತ್ತಿತ್ತು. ತಾನು ಕಣ್ಣುಮುಚ್ಚಿಕೊಂಡ ಒಂದೇ ಒಂದು ವಿಷಯವೆಂದರೆ ಅದು, ಅಕ್ಕನಿಗಾಗಿ.

ಅವನ ನಿವೃತ್ತಿಗೆ ಎಂಟು ತಿಂಗಳಿದ್ದಾಗ ಸಾರಿಗೆ ಕಚೇರಿಗೆ ಹೊಸ ಯೋಜನಾಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಚುರುಕು. ಊರ ಹೊರಗೆ ಹೊಸ ರಸ್ತೆ ಆಗಿತ್ತು; ಯಾವ ಬಸ್ಸನ್ನು ಅತ್ತ ತಿರುಗಿಸಬಹುದು ಎಂದು ನೋಡಲು ಪ್ರತಿ ನಿಲುಗಡೆಯಲ್ಲೂ ಒಂದು ವಾರ ತಲೆ ಎಣಿಸಬೇಕು ಎಂದು ಫಾರಂ ಕಳಿಸಿದರು. ಹತ್ತಿದವರೆಷ್ಟು, ಇಳಿದವರೆಷ್ಟು, ಷರಾ. ಇಳಿಜಾರು ಬೀದಿಯ ನಿಲುಗಡೆಗೆ ಅತ್ಯಂತ ನಂಬಿಕಸ್ಥನನ್ನೇ ಹಾಕಿದರು.

ಅವನು ಸ್ಟೂಲು ತಂದು ಅಕ್ಕನ ಅಂಗಡಿಯ ಮುಂದೆ ಹಾಕಿಕೊಂಡ.

“ಏನೋ ಮುಳ್ಳು, ಬೀದಿಗೆ ಬಂದ್ಯಾ?” ಎಂದಳು ಅಕ್ಕ.

“ಕೆಲಸದಲ್ಲಿದೀನಿ ಅಕ್ಕ. ಮಾತಾಡಿಸಬೇಡ.”

“ಮಾತಾಡಿಸಲ್ಲಪ್ಪ. ಕಾಫಿ ಬೇಕಾದ್ರೆ ಅರ್ಜಿ ಕೊಡು.” ಆಮೇಲೆ ಎಣ್ಣೆಯ ಕೈ ಒರೆಸುತ್ತ ಬಾಗಿಲಿಗೆ ಬಂದಳು. “ಜನರನ್ನಷ್ಟೇ ಎಣಿಸ್ತೀಯೋ? ನಮ್ಮ ಸಾಮಾನು?”

“ಫಾರಂನಲ್ಲಿ ಜನ ಅಂತಿದೆ.”

“ಅದರಲ್ಲಿ ಬೇರೆ ಏನೂ ಬರೆಯೋಕೆ ಜಾಗ ಇಲ್ವಾ? ಇದೆ ತಾನೆ? ನಮ್ಮದೂ ಒಂದು ಮಾತು ಹಾಕು. ನೀನು ಬರೆದರೆ ಯಾರೂ ಇಲ್ಲ ಅನ್ನಲ್ಲ.”

“ನೋಡೋಣ,” ಎಂದ.

ಅವನು ನೋಡೋಣ ಎಂದರೆ ಆಯಿತು ಎಂದೇ ಅರ್ಥ; ಅಕ್ಕ ನಲವತ್ತೈದು ವರ್ಷದಿಂದ ಹಾಗೇ ತಿಳಿದಿದ್ದಳು.

ಏಳು ದಿನ ಎಣಿಸಿದ. ಹತ್ತಿದವರು ಹತ್ತೊಂಬತ್ತು, ಇಳಿದವರು ಹದಿನಾಲ್ಕು. ಎಣಿಸುವ ಚಟ ಬಿಡಬೇಕಲ್ಲ, ಉಳಿದದ್ದನ್ನೂ ಮನಸ್ಸಿನಲ್ಲೇ ಎಣಿಸಿದ: ಮಿಷನ್ನಿನ ತಲೆ ಹನ್ನೊಂದು, ಕತ್ತರಿಯ ಕಟ್ಟು ಆರು, ಕನ್ನಡಕ ಇಪ್ಪತ್ಮೂರು, ಗೋಡೆ ಗಡಿಯಾರ ಒಂದು. ಏಳನೆಯ ಸಂಜೆ ಗಾಜಿನ ಕೋಣೆಯಲ್ಲಿ ಕೂತು ಫಾರಂ ತುಂಬಿದ. ಷರಾ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಏನೆಂದು ಬರೆಯುವುದು? ಟಿಕೆಟ್ಟಿಲ್ಲದೆ ಸಾಮಾನು ಸಾಗುತ್ತದೆ ಎಂದೇ? ಕಂಡಕ್ಟರನ ತಲೆ ಉರುಳುತ್ತದೆ. ಈ ಬಸ್ಸು ಬೀದಿಗೆ ಬೇಕು ಎಂದೇ? ಯಾರ ಬೀದಿ, ಯಾರ ಅಕ್ಕ ಎಂದು ಕೇಳುತ್ತಾರೆ. ಇವೆಲ್ಲ ಕಾರಣಗಳು ಆಮೇಲೆ ಬಂದವು ಎಂಬುದು ಅವನಿಗೂ ಗೊತ್ತು. ಮೊದಲು ಬಂದದ್ದು, ಮೂವತ್ತೊಂದು ವರ್ಷದ ಬಿಳಿ ಕಾಲಂ ಹಾಳಾಗುತ್ತದಲ್ಲ ಎಂಬ ಸಂಕಟ. ಸ್ಕೇಲು ಇಟ್ಟು ಅಡ್ಡಗೆರೆ ಎಳೆದ. ಗೆರೆ ನೆಟ್ಟಗಿತ್ತು.

ತಿಂಗಳು ಕಳೆದ ಮೇಲೆ ನಿಲ್ದಾಣದ ಹಲಗೆಯ ಮೇಲೆ ನೋಟೀಸು ಬಿತ್ತು. ಏಳನೇ ನಂಬರು ಹೊಸ ರಸ್ತೆಗೆ. ಆಕ್ಷೇಪಣೆಯಿದ್ದವರು ಮೂವತ್ತು ದಿನದೊಳಗೆ ಲಿಖಿತವಾಗಿ ಕೊಡಬೇಕು. ಅಂದು ಸಂಜೆ ಅವನು ಅಕ್ಕನ ಅಂಗಡಿಗೆ ಹೋದಾಗ ಒಂಬತ್ತು ಅಂಗಡಿಯವರೂ ಅಲ್ಲೇ ಇದ್ದರು. ಸಾಣೆಯವರ ಕೈಯಲ್ಲಿ ಬಿಳಿ ಹಾಳೆ.

“ಎಲ್ಲರೂ ಸಹಿ ಹಾಕಿ ಕೊಡೋಣ,” ಎನ್ನುತ್ತಿದ್ದರು ಅವರು.

“ಸಹಿ ಹಾಕಿ ಏನು ಹೇಳ್ತೀರಿ?” ಎಂದಳು ಅಕ್ಕ. “ಕದ್ದು ಸಾಮಾನು ತರಿಸ್ತೀವಿ, ಸ್ವಲ್ಪ ದಯೆ ತೋರಿಸಿ ಅಂತಾನಾ? ಪಾಪದ ಕಂಡಕ್ಟರನ್ನ ಸಿಕ್ಕಿಸಬೇಡಿ. ನನ್ನ ತಮ್ಮ ಆಗಲೇ ಬರೆದಿದಾನೆ. ಒಳಗಿನವನು, ಹೇಗೆ ಬರೀಬೇಕೋ ಹಾಗೆ ಬರೆದಿರ್ತಾನೆ. ಆ ನೋಟೀಸು ಸುಮ್ಮನೆ ಪದ್ಧತಿಗೆ.”

ಕನ್ನಡಕದವರು ಬಾಗಿಲ ಕಡೆ ತಿರುಗಿ, “ಇಗೋ, ಸಾಹೇಬ್ರೇ ಬಂದ್ರಲ್ಲ. ಬರೆದಿದೀರಿ ತಾನೆ?” ಎಂದರು.

ಒಂಬತ್ತು ಮುಖ ಅವನತ್ತ ತಿರುಗಿದವು. ಅಕ್ಕನ ಮುಖದಲ್ಲಿ ಮಾತ್ರ ಪ್ರಶ್ನೆಯಿರಲಿಲ್ಲ.

“ಬರೆಯೋದನ್ನೆಲ್ಲ ಬರೆದಿದೀನಿ,” ಎಂದ.

ಅದು ಸುಳ್ಳಲ್ಲ ಎಂದು ಆ ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡ. ಸಾಣೆಯವರು ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಮೂವತ್ತು ದಿನವೂ ಅದು ಬಿಳಿಯಾಗಿಯೇ ಇತ್ತು. ನಾಳೆ ಹೋಗಿ ಹೇಳಿಬಿಡುತ್ತೇನೆ ಎಂದು ದಿನವೂ ಅಂದುಕೊಂಡ. ಒಂದು ನಿಮಿಷ ತಡವಾದ ಬಸ್ಸಿಗೆ ಗದರುತ್ತಿದ್ದ ಮನುಷ್ಯ, ಮೂವತ್ತು ದಿನ ಕೈಯಿಂದ ಜಾರಿಹೋಗುವುದನ್ನು ನೋಡುತ್ತ ಕೂತ.

ಮೂವತ್ತೊಂದನೆಯ ದಿನ ಕಚೇರಿಗೆ ಹೋದ. ಅಧಿಕಾರಿ ಕೂರಿಸಿ, ಮಾತು ಕೇಳಿ, ಫೈಲು ತರಿಸಿದರು.

“ನಿಲುಗಡೆಗೆ ಬೇರೆ ಉಪಯೋಗವೂ ಇದ್ದರೆ ಬರೀಲಿ ಅಂತಲೇ ಆ ಕಾಲಂ ಇಟ್ಟಿದ್ದು ನಾನು,” ಎಂದರು. “ಬೇರೆ ಎರಡು ಕಡೆ ಬರೆದಿದ್ರು. ಒಂದು ಕಡೆ ಹಾಲಿನ ಕ್ಯಾನು, ಇನ್ನೊಂದು ಕಡೆ ಹೂವಿನ ಬುಟ್ಟಿ. ಅವೆರಡನ್ನೂ ಉಳಿಸಿದೀವಿ. ಸಾಮಾನಿಗೂ ಟಿಕೆಟ್ ಮಾಡಿ ಕೊಡ್ತಿದೀವಿ. ಯಾರ ಮೇಲೂ ಕ್ರಮ ಇಲ್ಲ.” ಫಾರಂ ಅವನ ಕಡೆ ತಿರುಗಿಸಿದರು. “ನೀವು ಒಂದು ಸಾಲು ಬರೆದಿದ್ರೆ ಸಾಕಾಗಿತ್ತು. ಈಗ ವೇಳಾಪಟ್ಟಿ ಅಚ್ಚಿಗೆ ಹೋಗಿದೆ.”

ಬಯ್ದಿದ್ದರೆ ವಾಸಿಯಿತ್ತು. ಅವರು ಬಯ್ಯಲಿಲ್ಲ, ನೀರು ಕೊಟ್ಟರು.

ಹೊಸ ನಿಲುಗಡೆ ಬೀದಿಯಿಂದ ಒಂದೂವರೆ ಮೈಲಿ. ಬಸ್ಸು ಅಲ್ಲಿ ಅರ್ಧ ನಿಮಿಷ ನಿಂತರೆ ಹೆಚ್ಚು. ಮೊದಮೊದಲು ಅಕ್ಕ ತಳ್ಳುಗಾಡಿ ತೆಗೆದುಕೊಂಡು ಹೋದಳು. ಅವಳು ಕೈ ಎತ್ತುವುದರೊಳಗೆ ತಲೆ ಮುಂದಿನ ಊರಿಗೆ ಹೋಗಿರುತ್ತಿತ್ತು. ಒಂದು ಸಲ ಎರಡು ದಿನ ಸುತ್ತಾಡಿ ಸಿಕ್ಕಿತು. “ನಾನು ನೋಡದ ಊರೆಲ್ಲ ಈ ಮಿಷನ್ ನೋಡಿಬಂತು ಕಣೋ,” ಎಂದು ನಕ್ಕಳು. ದರ್ಜಿಗಳು ಎಷ್ಟು ದಿನ ನಗುತ್ತಾರೆ? ಹೊಸ ರಸ್ತೆಯ ಪಕ್ಕದಲ್ಲೇ ಯಾರೋ ರಿಪೇರಿ ಅಂಗಡಿ ಇಟ್ಟರು. ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿ ಅಂಗಡಿ ಹುಟ್ಟುತ್ತದೆ. ಎಲ್ಲಿ ನಿಲ್ಲುವುದಿಲ್ಲವೋ ಅಲ್ಲಿ ಸದ್ದಿಲ್ಲದೆ ಶಟರು ಇಳಿಯುತ್ತದೆ. ಸಾಣೆಯವರು ಮಗಳ ಮನೆಗೆ ಹೋದರು. ಗಡಿಯಾರದವರು ಮುಚ್ಚಿದರು. ವರ್ಷ ತುಂಬುವ ಹೊತ್ತಿಗೆ ಅಕ್ಕನೂ ಅಂಗಡಿ ಖಾಲಿ ಮಾಡಿ, ದೊಡ್ಡ ನಿಲ್ದಾಣದ ಎದುರಿನ ಮಿಷನ್ ಮಳಿಗೆಯಲ್ಲಿ ರಿಪೇರಿ ಕೆಲಸಕ್ಕೆ ಸೇರಿದಳು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಬೇರೆಯವರ ಏಪ್ರನ್ನು, ಬೇರೆಯವರ ಸ್ಟೂಲು.

ಅಲ್ಲೂ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. “ನನ್ನ ತಮ್ಮ ಬರೆದಿದ್ದ ಕಣ್ರಿ. ಮೇಲಿನವರು ಓದಲಿಲ್ಲ.”

ನಿವೃತ್ತಿಯಾದ ಸೆಕೆಂಡ್‌ಮುಳ್ಳು ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದ. ಒಂದು ಮಧ್ಯಾಹ್ನ ಆ ಮಾತನ್ನು ಮಳಿಗೆಯ ಮಾಲೀಕನಿಗೆ ಅವಳು ಅವನೆದುರಿಗೇ ಹೇಳಿದಳು. ಮಾಲೀಕ ಊಟಕ್ಕೆ ಹೋದ. ಕೌಂಟರಿನ ಮೇಲೆ ಬಿಚ್ಚಿದ ಮಿಷನ್ನು, ತಟ್ಟೆಯಲ್ಲಿ ಸ್ಕ್ರೂಗಳು.

“ಅಕ್ಕ, ನಾನು ಬರೀಲಿಲ್ಲ.”

“ಏನು?”

“ಫಾರಂನಲ್ಲಿ. ಏನೂ ಬರೀಲಿಲ್ಲ. ಗೆರೆ ಎಳೆದೆ.”

ಅಕ್ಕ ಸ್ಕ್ರೂ ಒಂದನ್ನು ಎತ್ತಿಕೊಂಡು ತೂತಿಗಿಟ್ಟಳು. ಅದು ಕೂರಲಿಲ್ಲ. ತೆಗೆದು, ಬೇರೆಯದನ್ನು ಎತ್ತಿಕೊಂಡಳು.

“ಕೇಳಿದಾಗ ಹೇಳಬಹುದಿತ್ತಲ್ಲೋ,” ಎಂದಳು ಕೊನೆಗೆ. “ಆವತ್ತು ಕೇಳಿದ್ರಲ್ಲ.”

“ಹೇಳಬಹುದಿತ್ತು.”

“ಇನ್ನೂ ಮೂವತ್ತು ದಿನ ಇತ್ತು.”

“ಇತ್ತು ಅಕ್ಕ.”

“ನಾನು ಆ ಹಾಳೆ ಮಡಿಚಿಸಿದೆ.” ಅವಳ ದನಿ ಏರಲಿಲ್ಲ. “ಒಂಬತ್ತು ಮನೆ. ನನ್ನ ಮಾತು ನಂಬಿ ಮಡಿಚಿದ್ರು.”

“ಅವರಿಗೆಲ್ಲ ಹೋಗಿ ಹೇಳ್ತೀನಿ. ಒಬ್ಬೊಬ್ಬರ ಮನೆಗೂ ಹೋಗ್ತೀನಿ. ತಪ್ಪು ನಂದು ಅಂತ.”

“ಹೇಳ್ಬೇಡ.” ಅವಳು ಮೊದಲ ಸಲ ಅವನನ್ನು ನೋಡಿದಳು. “ನಿನಗೆ ಹಗುರ ಆಗುತ್ತೆ, ಅಷ್ಟೇ. ಓದಲಿಲ್ಲ ಅಂದ್ಕೊಂಡು ಅವರು ಕಚೇರಿಯನ್ನ ಬೈಕೊಂಡು ಸಮಾಧಾನವಾಗಿದಾರೆ. ಈಗ ಹೋಗಿ, ನಾವು ಬರೆದಿದ್ರೆ ಉಳೀತಿತ್ತು ಅಂತ ಅವರ ಎದೆ ಮೇಲೆ ಹಾಕ್ತೀಯಾ? ಬೇಡ. ನಾನು ಹೇಳಿದ್ದೇ ಇರಲಿ.”

ಅಷ್ಟರಲ್ಲಿ ಕನ್ನಡಕದವರು ಬಂದರು. ಅವರೂ ಈಗ ಯಾವುದೋ ಕನ್ನಡಕದ ಮಳಿಗೆಯಲ್ಲಿ ನಿಂತು, ತಾವು ಉಜ್ಜದ ಗಾಜನ್ನು ಮಾರುತ್ತಿದ್ದರು. ಇಬ್ಬರ ಮುಖ ನೋಡಿ, ಬೀದಿಯ ಮಾತೇ ಬಂದಿರಬೇಕೆಂದು ಊಹಿಸಿದರು. ಊಹೆ ತಪ್ಪಲಿಲ್ಲ.

“ಬಿಡಿ ಸಾಹೇಬ್ರೇ, ಇನ್ನೂ ಅದನ್ನೇ ಹಚ್ಕೊಂಡಿದೀರಾ?” ಎಂದು ಅವನ ಭುಜ ತಟ್ಟಿದರು. “ನೀವಂತೂ ಬರೆದ್ರಿ. ಅವರು ಓದಲಿಲ್ಲ. ಅದಕ್ಕೆ ನೀವೇನು ಮಾಡ್ತೀರಿ?”

ಅವನು ಅಕ್ಕನತ್ತ ನೋಡಿದ. ಅವಳು ಸ್ಕ್ರೂ ಬಿಗಿಯುತ್ತಿದ್ದಳು.

“ಹೌದು,” ಎಂದ. “ಓದಲಿಲ್ಲ.”