ಡಿಸ್ಕಪ್ಪನ ಸರಾಸರಿ

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಡಿಸ್ಕಪ್ಪ ಎನ್ನುತ್ತಿದ್ದರು. ಯಾರು ಯಾವ ದೂರು ತಂದರೂ ಎಲ್ಲರ ಕಡತಗಳನ್ನೂ ಇಟ್ಟುಕೊಂಡ ಸರ್ವರಿನ ಡಿಸ್ಕಿನ ಲೆಕ್ಕ ನೋಡಿ, ಎಲ್ಲ ಸರಿಯಾಗಿದೆ ಎಂದು ಸಾಗಹಾಕುವುದು ಅವನ ಅಭ್ಯಾಸ. ಅವನ ಪರದೆಯ ಮೇಲೆ ಎರಡೇ ಅಂಕಿ: ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿಯಿದೆ, ದಿನದ ಸರಾಸರಿಯಲ್ಲಿ ಅದಕ್ಕೆ ಎಷ್ಟು ಕೆಲಸ ಬಿದ್ದಿದೆ. ಎರಡೂ ಸದಾ ಹಸಿರು.

ಅಲ್ಲಿನ ಪ್ರಯೋಗಾಲಯದಲ್ಲಿ ಅವನ ಅತ್ತಿಗೆ ರಕ್ತಪರೀಕ್ಷೆಯ ವರದಿಗಳನ್ನು ಟೈಪು ಮಾಡುತ್ತಿದ್ದರು. ತಾಯಿಯಿಲ್ಲದ ಅವನು ಅವರ ಕೈತುತ್ತು ತಿಂದೇ ಬೆಳೆದವನು. ಬೆಳಗಿನ ವರದಿಗಳು ತಡವಾಗತೊಡಗಿ ರೋಗಿಗಳು ಕೂಗಾಡಿದಾಗ ಮೇಲಧಿಕಾರಿ ಸಭೆ ಕರೆದರು. ಯಂತ್ರವೇ ನಿಂತುಬಿಡುತ್ತದೆ ಎಂದರು ಅತ್ತಿಗೆ. ಮನೆಯವರ ಪರ ವಹಿಸಿದ ಎನ್ನಿಸಿಕೊಳ್ಳಬಾರದೆಂಬ ಬಿಗುಮಾನದಲ್ಲಿ ಡಿಸ್ಕಪ್ಪ ಎದ್ದು ನಿಂತ.

"ಯಂತ್ರ ಸರಿಯಾಗೇ ಇದೆ. ಇವರ ಕೈ ನಿಧಾನ ಆಗಿರಬೇಕು."

ಅತ್ತಿಗೆಯನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು.

ಅವರ ಕುರ್ಚಿಗೆ ಬಂದ ಚುರುಕುಗೈಯ ಹೆಂಗಸಿಗೂ ಬೆಳಗ್ಗೆ ಅದೇ ಪಾಡು. ಆಗಷ್ಟೇ ಅವನು ಬೇರೆ ಅಂಕಿಗಳನ್ನು ತೆರೆದ. ಒಂದೊಂದು ಓದಿಗೂ ಬರಹಕ್ಕೂ ಡಿಸ್ಕು ಎಷ್ಟು ಹೊತ್ತು ಹಿಡಿಯುತ್ತದೆ, ಅದರ ಮುಂದೆ ಎಷ್ಟು ಕೆಲಸಗಳು ಸಾಲುಗಟ್ಟಿ ಕಾಯುತ್ತಿವೆ ಎಂದು ನೋಡಿದ. ಮಧ್ಯಾಹ್ನದ ಮೇಲೆ ಸಾಲೇ ಇಲ್ಲ. ಬೆಳಗ್ಗೆ ಮಾತ್ರ ಹನುಮಂತನ ಬಾಲ. ಡಿಸ್ಕಿನಲ್ಲಿರುವುದಕ್ಕೆಲ್ಲ ಬ್ಯಾಕಪ್ ನಕಲು ತೆಗೆಯುವ ಕೆಲಸ ತನ್ನ ಕಣ್ಣೆದುರೇ ಮುಗಿಯಲೆಂದು ಅದೇ ಹೊತ್ತಿಗೆ ಹಚ್ಚಿಟ್ಟವನು ಅವನೇ. ದಿನದ ಸರಾಸರಿ ಆ ಬೆಳಗಿನ ನೂಕುನುಗ್ಗಲನ್ನು ನುಂಗಿ ನೀರು ಕುಡಿದಿತ್ತು. ಸರಾಸರಿ ಮೊಣಕಾಲುದ್ದ ನೀರೆಂದು ಹೊಳೆ ದಾಟಿಸಲು ಹೊರಟ ಜಾಣ. ಮುಳುಗಿದವರು ಮಾತ್ರ ಬೇರೆಯವರು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ, ತಪ್ಪೊಪ್ಪಿಕೊಂಡ. ಅತ್ತಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ.

"ಅಡುಗೆಮನೇಲಿ ಹೇಳಿದ್ರೆ ಯಾರಿಗಪ್ಪಾ ಕೇಳ್ಸುತ್ತೆ? ಎಲ್ಲಿ ಅಂದ್ಯೋ ಅಲ್ಲೇ ಹೇಳು."

ಮತ್ತೆ ಸಭೆ ಕರೆಸಿ, ಅಷ್ಟೂ ಜನರ ಮುಂದೆ ತಪ್ಪು ತನ್ನದೇ ಎಂದು ಹೇಳಿದ. ನಕಲಿನ ಕೆಲಸವನ್ನು ಬೇರೆ ಹೊತ್ತಿಗೆ ಸರಿಸಿದ. ಅತ್ತಿಗೆ ತಮ್ಮ ಕುರ್ಚಿಗೆ ಮರಳಿದರು.

ಮಾರನೆಯ ಬೆಳಗ್ಗೆ ಅವನು ಪ್ರಯೋಗಾಲಯದ ಬಾಗಿಲಲ್ಲಿ ನಿಂತ. ವರದಿಗಳು ಸರಸರನೆ ಹೊರಬೀಳುತ್ತಿದ್ದವು. ಅತ್ತಿಗೆ ತಿರುಗಿ ನೋಡದೆ ಅಂದರು:

"ನನ್ನ ಕೈ ಇವತ್ತು ಹೇಗಿದೆ ಅಂತ ನಿನ್ನ ಪರದೇನ ಕೇಳ್ಕೊಂಡು ಬಾ, ಡಿಸ್ಕಪ್ಪ."

ಪಕ್ಕದವರು ನಕ್ಕರು. ಊರೆಲ್ಲ ಹಾಗೆ ಕರೆದರೂ ಅತ್ತಿಗೆಯ ಬಾಯಲ್ಲಿ ಆ ಹೆಸರು ಎಂದೂ ಬಂದಿರಲಿಲ್ಲ. ಅವನಿಗೆ ಒಳಗೆ ಹೋಗಲೂ ಹಿಂದಕ್ಕೆ ಸರಿಯಲೂ ಕಾಲು ಬರಲಿಲ್ಲ.