ಹೆರಾಲ್ಡ್ ಕಾರಿನ ಹಿಂದಿನ ಸೀಟು

ವೇಲಚೇರಿಯ ಆ ಅಪಾರ್ಟ್‌ಮೆಂಟಿನವರಿಗೆ ಸರ್ವಮಂಗಳಾ ಎಂದರೆ ಭಾನುವಾರ ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಕಾರಿನಡಿ ಮಲಗಿರುವ ಹೆಂಗಸು. ವಾರವಿಡೀ ಪ್ಯಾರೀಸ್ ಕಾರ್ನರಿನ ವಿಮಾ ಕಚೇರಿಯಲ್ಲಿ ಇಸ್ತ್ರಿ ಸೀರೆ ಉಟ್ಟು ಕೂರುವವಳು ಇವಳೇ ಎಂದರೆ ಯಾರೂ ನಂಬುತ್ತಿರಲಿಲ್ಲ. ನಲವತ್ತೆಂಟು ವರ್ಷ, ಮದುವೆಯ ಗೊಡವೆಗೆ ಹೋದವಳಲ್ಲ. ಮನೆಯಲ್ಲಿ ಅವಳು, ತಂದೆ ಶಾಂತವೀರಪ್ಪ. ಕೆಳಗೆ ಕಂಬಗಳ ನಡುವೆ ಎಪ್ಪತ್ತರ ಹಸಿರು ಹೆರಾಲ್ಡ್ ಕಾರು.

ಶಾಂತವೀರಪ್ಪ ಚಿತ್ರದುರ್ಗದ ಕಡೆಯವರು. ರೈಲ್ವೆ ನೌಕರಿಯಲ್ಲಿ ಮದ್ರಾಸಿಗೆ ಬಂದ ಹೊಸತರಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡ ಕಾರು ಅದು. ಅದರ ಹಿಂದಿನ ಸೀಟಿನಲ್ಲೇ ಹತ್ತು ವರ್ಷದ ಹಿಂದೆ ಅವರ ಹೆಂಡತಿ ಸರಸ ತೀರಿಕೊಂಡರು. ಡಿಸೆಂಬರಿನ ಪ್ರವಾಹ, ಬೆಳಿಗ್ಗೆಯೇ ಎದೆನೋವು, ಫೋನ್ ಮಾಡಿದರೆ ಆಂಬುಲೆನ್ಸ್ ಬರುವ ಹಾಗಿಲ್ಲ. ಆಸ್ಪತ್ರೆ ಇನ್ನು ಅರ್ಧ ಮೈಲಿ ಇರುವಾಗ ಎಂಜಿನ್ನಿಗೆ ನೀರು ನುಗ್ಗಿ ಕಾರು ನಿಂತುಬಿಟ್ಟಿತು. ಸರಸ ‘ನೀರು, ನೀರು’ ಎಂದರು. ಸುತ್ತ ಮೊಣಕಾಲುದ್ದ ಕೊಚ್ಚೆ, ಬಾಯಿಗೆ ಬಿಡಲು ಒಂದು ಹನಿ ಇಲ್ಲ. ಲಿಂಗಪೂಜೆಯ ತೀರ್ಥದ ಗಿಂಡಿಯನ್ನು ಗಡಿಬಿಡಿಯಲ್ಲಿ ಮನೆಯಲ್ಲೇ ಬಿಟ್ಟು ಬಂದಿದ್ದರು. ದಿನಾ ಗಂಡನ ಕೈಯಿಂದ ತೀರ್ಥ ತೆಗೆದುಕೊಂಡೇ ಕಾಫಿ ಮುಟ್ಟುತ್ತಿದ್ದ ಹೆಂಗಸು ಕೊನೆಗಳಿಗೆಯಲ್ಲಿ ಒಣಬಾಯಲ್ಲಿ ಹೋದಳಲ್ಲ ಎಂಬುದು ಶಾಂತವೀರಪ್ಪನವರನ್ನು ಕೊರೆಯುತ್ತಲೇ ಇತ್ತು.

ಆರು ವರ್ಷ ಕಾರು ಟಾರ್ಪಾಲಿನ ಕೆಳಗೆ ಕೊಳೆಯಿತು. ಒಂದು ದಿನ ಅವರೇ ಟಾರ್ಪಾಲು ಎಳೆದು ಬಿಸಾಡಿದರು.

“ಒಂದೇ ಒಂದ್ಸಲ ಇದನ್ನ ಆಸ್ಪತ್ರೆ ಬಾಗಿಲ ತನಕ ಓಡಿಸ್ಬೇಕು ಕಣವ್ವ. ಅರ್ಧ ಮೈಲಿ ಬಾಕಿ ಐತೆ.”

ಅಲ್ಲಿಂದ ನಾಲ್ಕು ವರ್ಷದ ಭಾನುವಾರಗಳೆಲ್ಲ ಹೆರಾಲ್ಡಿನ ಪಾಲಾದವು. ಆ ಕಾರಿನ ಮೂತಿಯಿಡೀ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಅಪ್ಪ ಸ್ಟೂಲಿನ ಮೇಲೆ ಕೂತು ಹೇಳುವುದು, ಮಗಳು ಬಿಚ್ಚುವುದು. “ನಟ್ಟಿನ ಮೇಲೇನು ನಿಂಗೆ ಹಗೆನಾ? ಮೆತ್ತಗೆ ತಿರುಗ್ಸು” ಎಂದು ಬೈಸಿಕೊಂಡೇ ಅವಳು ಕಸುಬು ಕಲಿತಳು. ಸಿಗದ ಭಾಗಗಳಿಗಾಗಿ ಪುದುಪೇಟೆಯ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದಳು. ಅಷ್ಟರಲ್ಲಿ ಅಪ್ಪನ ಮರೆವು ಶುರುವಾಯಿತು. ಮೊದಲು ಸ್ಪ್ಯಾನರುಗಳ ಹೆಸರು ಹೋಯಿತು, ಆಮೇಲೆ ಪಕ್ಕದ ಮನೆಯವರದು. ಒಂದು ವರ್ಷ ಕಳೆದರೆ ಏನೂ ಹೇಳಲಾಗದು ಎಂದರು ಡಾಕ್ಟರು. ಆ ಅರ್ಧ ಮೈಲಿಯ ನೆನಪು ಉಳಿದಿರುವಾಗಲೇ ಕಾರು ಓಡಬೇಕು. ಸರ್ವಮಂಗಳಾಗೆ ಬೇರೆ ಆಸೆಯೇ ಇರಲಿಲ್ಲ.

ಎಂಜಿನ್ ಕೆಲಸಕ್ಕೆ ಅಣ್ಣಾ ನಗರದಿಂದ ಸಾಯಿ ಎಂಬ ಮೆಕ್ಯಾನಿಕ್ ಬರುತ್ತಿದ್ದ, ಒಳ್ಳೆಯ ಕೈ. ಪೊಂಗಲ್ ಹೊತ್ತಿಗೆ ಎಂಜಿನ್ ಎರಡು ನಿಮಿಷ ಓಡಿತು ಕೂಡ. ಶಾಂತವೀರಪ್ಪ ಮಗುವಿನ ಹಾಗೆ ಅತ್ತರು. ತಿಂಗಳು ಕಳೆಯುವುದರಲ್ಲಿ ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಎಲ್ಲಿಂದಲೋ ನೀರು ಸೇರುತ್ತಿದೆ. ಬಿಚ್ಚಿ ಗ್ಯಾಸ್ಕೆಟ್ ಬದಲಾಯಿಸಿದರು, ಮತ್ತೆ ಅದೇ. ಮೂರನೇ ಸಲವೂ ಅದೇ ಆದಾಗ ಸಾಯಿ ತಲೆ ಕೆರೆದುಕೊಂಡು, ತಾನು ಮಾಡಿದ ಕೆಲಸದಲ್ಲಿ ತಪ್ಪಿಲ್ಲ, ನೀರು ಮೇಲಿನಿಂದ ಬೀಳುತ್ತಿದೆ ಎಂದು ತಮಿಳಿನಲ್ಲಿ ಹೇಳಿದ. ಸರ್ವಮಂಗಳಾಗೆ ರೇಗಿಹೋಯಿತು. ಹತ್ತು ಜನರ ಎದುರು ಅವನನ್ನು ಬಾಯಿಗೆ ಬಂದಂತೆ ಬೈದಳು. ಅವನು “ಸರಿಕ್ಕಾ” ಎಂದು ಪೆಟ್ಟಿಗೆ ಎತ್ತಿಕೊಂಡು ಹೋದ.

ಮಾರನೆಯ ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ ಗಿಂಡಿ ಹಿಡಿದು ಕೆಳಗಿಳಿದರು. ದಿನವೂ ಇಳಿಯುತ್ತಿದ್ದರು. ತೀರ್ಥ ಮಿಕ್ಕರೆ ತುಳಿಯುವ ಜಾಗಕ್ಕೆ ಚೆಲ್ಲಬಾರದು, ಹಾಗಾಗಿ ಕಾಂಪೌಂಡಿನ ಬಿಲ್ವದ ಬುಡಕ್ಕೆ ಹಾಕಿ ಬರುತ್ತಾರೆ ಎಂದೇ ಅವಳ ಲೆಕ್ಕ. ಅಂದು, ಹಿಂದಿನ ದಿನ ಕಾರಿನ ಹತ್ತಿರ ಬಿಟ್ಟುಬಂದಿದ್ದ ಟಾರ್ಚು ತರಲು ಅವಳೂ ಹಿಂದೆಯೇ ಇಳಿದಳು.

ಹೆರಾಲ್ಡಿನ ಮೂತಿ ತೆರೆದಿತ್ತು. ಅಪ್ಪ ಆಯಿಲ್ ಹಾಕುವ ಮುಚ್ಚಳ ತೆಗೆದು, ಗಿಂಡಿಯಿಂದ ಸಣ್ಣಗೆ ಬಿಡುತ್ತಿದ್ದರು.

“ಅಪ್ಪಾಜಿ, ಏನ್ ಮಾಡ್ತಿದೀರಿ?”

“ಮೆಲ್ಲಗೆ ಮಾತಾಡವ್ವ. ನಿಮ್ಮವ್ವ ನೀರು ಕೇಳ್ತಾವ್ಳೆ.”

 ಅವಳು ಅಪ್ಪನ ಸ್ಟೂಲಿನ ಮೇಲೆ ಕೂತಳು.

ಸಾಯಿಗೆ ಫೋನ್ ಮಾಡಿ ತಪ್ಪಾಯಿತೆಂದು ಕೇಳಿಕೊಂಡಳು. ಪಾಪ, ಅವನು ಬಂದ, ತಳದ ತನಕ ಬಿಚ್ಚಿ ನೋಡಿದ. ಬೇರಿಂಗುಗಳನ್ನು ತುಕ್ಕು ತಿಂದಿತ್ತು, ಒಳಗಿನ ಶಾಫ್ಟು ಕೂಡ ಹಾಳಾಗಿತ್ತು. ಪುದುಪೇಟೆಯಲ್ಲಿ ಅಂಥದ್ದು ಇನ್ನೊಂದು ಸಿಕ್ಕುವ ಹಾಗಿಲ್ಲ. ಇದು ಇನ್ನು ಓಡುವುದಿಲ್ಲ ಅಕ್ಕಾ ಎಂದು ಅವಳ ಮುಖ ನೋಡದೆ ಹೇಳಿ, ಎಲ್ಲವನ್ನೂ ಮೊದಲಿನ ಹಾಗೆ ಜೋಡಿಸಿಟ್ಟು ಹೋದ. ನಾಲ್ಕು ವರ್ಷ ನೀರುಪಾಲಾಯಿತು.

ಸಿಟ್ಟು ಬರಲಿಲ್ಲವೇ? ಬಂತು. ಮರುದಿನ ಕಾರಿನ ಮೂತಿಗೆ ಸರಪಳಿ ಸುತ್ತಿ ಬೀಗ ಜಡಿದಳು. ಶಾಂತವೀರಪ್ಪ ಬೀಗ ಹಿಡಿದು ಜಗ್ಗಿದರು, ಬರಲಿಲ್ಲ. ಗಿಂಡಿ ಎದೆಗೊತ್ತಿಕೊಂಡು “ಸರಸಾ, ತಂದೀನಿ, ಬಾಯಿ ತೆಗಿ” ಎಂದು ಬಾನೆಟ್ಟು ಬಡಿದರು. ಆಫೀಸಿಗೆ ಹೊರಟಿದ್ದ ಜನ ನಿಂತು ನೋಡಿದರು. ಸರ್ವಮಂಗಳಾಗೆ ತನ್ನ ಹಟದ ಬಗ್ಗೆಯೇ ಹೇಸಿಗೆ ಎನಿಸಿತು, ಬೀಗ ತೆಗೆದು ಸರಪಳಿ ಬಿಚ್ಚಿದಳು.

ಈಗ ದಿನಾ ಬೆಳಿಗ್ಗೆ ಅವಳೂ ಜೊತೆಗೆ ಇಳಿಯುತ್ತಾಳೆ. ಮುಚ್ಚಳ ಬಿಗಿ, ಅಪ್ಪನ ಬೆರಳಿಗೆ ಶಕ್ತಿ ಸಾಲದು. ಅವಳೇ ತಿರುಗಿಸಿ ತೆಗೆಯುತ್ತಾಳೆ. ಆಸ್ಪತ್ರೆಯ ಮಾತು, ಅರ್ಧ ಮೈಲಿಯ ಮಾತು ಅವರು ಮರೆತಿದ್ದಾರೆ. ತೀರ್ಥ ಬಿಟ್ಟು, ಗಿಂಡಿ ನೇರ ಮಾಡಿ, ಒಳಗೆ ಇಣುಕುತ್ತಾರೆ.

“ನುಂಗಿದ್ಲೇನವ್ವ?”

“ಹ್ಞೂಂ ಅಪ್ಪಾಜಿ, ನುಂಗಿದ್ಲು” ಎಂದು ಸರ್ವಮಂಗಳಾ ಮುಚ್ಚಳ ಹಾಕುತ್ತಾಳೆ.